ಮೂರಿಂಚು ಇಳಿದವರು

ಇಳಕಲ್ಲಿನ ಹೆಂಗಸರಲ್ಲಿ ಯಾರ ಮೈ ಎಷ್ಟು ಎಂಬುದು ಅವರ ಗಂಡಂದಿರಿಗೆ ಗೊತ್ತಿರಲಿಲ್ಲ, ಮಾಬುಬಿಗೆ ಗೊತ್ತಿತ್ತು. ಪೇಟೆಯ ಹಿಂದಿನ ಓಣಿಯಲ್ಲಿ ಇಪ್ಪತ್ತಾರು ವರ್ಷದಿಂದ ಆಕೆ ಸೀರೆಗೆ ತೊಡುವ ಕುಬಸ ಹೊಲಿಯುತ್ತಿದ್ದಳು. ಆಕೆಯ ಹೆಸರು ನಿಂತದ್ದು ಎರಡು ಮಾತಿನ ಮೇಲೆ. ಮಾಬುಬಿ ಹೊಲಿದ ಕುಬಸ ತಿರುಗಿ ಬರುವುದಿಲ್ಲ. ಮಾಬುಬಿಗೆ ಗೊತ್ತಾದ ಅಳತೆ ಅವಳ ಬಾಯಿಂದ ಹೊರಬೀಳುವುದಿಲ್ಲ. ಒಮ್ಮೆ ಬಾದಾಮಿಯಿಂದ ಕನ್ಯೆ ನೋಡಲು ಬಂದ ವರನ ತಾಯಿ, ಹುಡುಗಿ ದಪ್ಪವೋ ತೆಳುವೋ ಖರೆ ಹೇಳು ಎಂದು ಒಂದು ಡಬ್ಬಿ ಪೇಡೆ ಇಟ್ಟುಕೊಂಡು ಕೂತಿದ್ದಳು. ಪೇಡೆಯ ಸಮೇತ ಆಕೆಯನ್ನು ಹೊರಗೆ ಕಳಿಸಿದ್ದು ಮಾಬುಬಿ.

ಇಂಥ ಊರಿನಲ್ಲಿ, ಸೀರೆ ಅಂಗಡಿಯೊಂದರ ಮಾಳಿಗೆಯ ಮೇಲೆ ಹೆಂಗಸರ ಜಿಮ್ ತೆರೆಯಿತು. ತೆರೆದವಳು ಶೀಲಾ. ಬಾಗಲಕೋಟೆಯಲ್ಲಿ ಆರು ತಿಂಗಳ ತರಬೇತಿ ಮುಗಿಸಿ ಬಂದ ಹುಡುಗಿ, ಕಪಟ ತಿಳಿಯದವಳು. ಕಬ್ಬಿಣ ಎತ್ತಿದರೆ ಕೊಬ್ಬು ಕರಗುತ್ತದೆ, ಬೆನ್ನು ಗಟ್ಟಿಯಾಗುತ್ತದೆ ಎಂದು ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಎತ್ತುವವರು ಬೇಕಲ್ಲ. ಎರಡು ಓಣಿ ದಾಟಿದರೆ ಸಿಗುವ ಜಿಮ್ಮಿಗೆ ಊರ ಸಾವಕಾರರ ಹೆಂಡಂದಿರು ಸ್ಕೂಟರ್ ಮೇಲೆ ಹೋಗುತ್ತಿದ್ದರು. ಮಾಳಿಗೆಯ ಹದಿನಾರು ಮೆಟ್ಟಿಲು ಹತ್ತಿದ್ದಕ್ಕೇ ಅರ್ಧ ತಾಸು ದಣಿವಾರಿಸಿಕೊಳ್ಳುತ್ತಿದ್ದರು. ಆಮೇಲೆ ಎರಡು ಕಿಲೋದ ಗುಲಾಬಿ ಬಣ್ಣದ ಡಂಬೆಲ್ಲನ್ನು ಬಾಣಂತಿ ಕೂಸು ಹಿಡಿದಂತೆ ಹಿಡಿದು ಕನ್ನಡಿಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇಳಿದು ಬಂದವರಿಗೆ ಕೆಳಗೆ ಚುರುಮುರಿ ಒಗ್ಗರಣೆ, ಮಿರ್ಚಿಯ ಗಾಡಿ ಕಾದಿರುತ್ತಿತ್ತು. ಮಾಬುಬಿ ಹೊಲಿಗೆ ಯಂತ್ರದ ಮುಂದೆ ಕೂತೇ ಇದನ್ನೆಲ್ಲ ಗಿರಾಕಿಗಳ ಬಾಯಿಂದ ಕೇಳಿ, ಕಬ್ಬಿಣಕ್ಕೂ ಇವರನ್ನು ಕಂಡು ನಾಚಿಕೆ ಬರಬೇಕು ಅಂದುಕೊಳ್ಳುತ್ತಿದ್ದಳು.

ವಿಚಿತ್ರವೆಂದರೆ, ಮೊದಲ ತಿಂಗಳಲ್ಲೇ ಎಲ್ಲರೂ ಇಳಿದಿದ್ದರು. ಶೀಲಾ ಪ್ರತಿಯೊಬ್ಬರಿಗೂ ಒಂದು ಕಾರ್ಡು ಕೊಟ್ಟು ಅದರಲ್ಲಿ ಎದೆ, ನಡ, ತೋಳಿನ ಅಳತೆ ಬರೆಯುತ್ತಿದ್ದಳು. ಒಬ್ಬಳು ಎರಡು ಇಂಚು, ಒಬ್ಬಳು ನಾಲ್ಕು. ಗೋಡೆಯ ಹಲಗೆಯಲ್ಲಿ ಎಲ್ಲರಿಗಿಂತ ಮೇಲೆ ಸೀರೆ ವ್ಯಾಪಾರಿ ಶಿವಪ್ರಕಾಶರ ಹೆಂಡತಿ ಮಹೇಶ್ವರಿಯ ಹೆಸರು: ಎದೆ ಮೂರು ಇಂಚು, ನಡ ನಾಲ್ಕು ಇಂಚು ಇಳಿತ. ಎಲ್ಲರಿಗಿಂತ ಕೆಳಗೆ ನೇಕಾರ ಅಮರಪ್ಪನ ಮಗಳು ಪ್ರಿಯದರ್ಶಿನಿ: ಅರ್ಧ ಇಂಚು. ಪಾಪ, ಆ ಹುಡುಗಿಯ ಮೈ ಮೊಂಡು, ಏನು ಮಾಡಿದರೂ ಇಳಿಯೋದಿಲ್ಲ ಎಂದು ಉಳಿದವರು ಮಿರ್ಚಿ ತಿನ್ನುತ್ತ ಮರುಗುತ್ತಿದ್ದರು.

ಮಹೇಶ್ವರಿ ಮಾಬುಬಿಯ ದೊಡ್ಡ ಗಿರಾಕಿ. ಅವಳ ಅಣ್ಣನ ಮಗಳ ನಿಶ್ಚಯ ಕಮತಗಿಯಲ್ಲಿತ್ತು. ಈ ಊರಲ್ಲಿ ಯಾವ ಹೆಂಗಸೂ ಪ್ರತಿ ಸಲ ಟೇಪಿನ ಮುಂದೆ ನಿಲ್ಲುವುದಿಲ್ಲ. ಹಳೆಯದೊಂದು ಅಳತೆಯ ಕುಬಸ ತಂದುಕೊಟ್ಟರೆ ಹೊಸದನ್ನು ಅದರಂತೆ ಹೊಲಿಯುವುದು ರೂಢಿ. ಮಹೇಶ್ವರಿಯೂ ಹಳೆಯ ಕುಬಸ ತಂದಳು, ಜೊತೆಗೆ ಕಾರ್ಡನ್ನೂ ತಂದಳು.

"ಇದಕ್ಕಿಂತ ಮೂರು ಇಂಚು ಕಮ್ಮಿ ಹಿಡಿ," ಅಂದಳು. "ಹೊಲಿಗಿ ಒಳಗ ಹೆಚ್ಚಿನ ಬಟ್ಟಿ ಬಿಡಬ್ಯಾಡ. ಬಿಟ್ರ ದಪ್ಪ ಕಾಣ್ತೇನಿ."

ಮಾಬುಬಿ ಕಣ್ಣಳತೆಯಲ್ಲೇ ನೋಡಿದಳು. ಮೂರು ಇಂಚು ಇರಲಿ, ಮೂರು ಎಳೆ ಇಳಿದಿರಲಿಲ್ಲ. ಒಂದು ಸಲ ಟೇಪು ಹಿಡಿದು ನೋಡೋಣ ಎಂದು ಎರಡು ಸಲ ಕೇಳಿದಳು, ಎರಡು ಸಲವೂ ಕಾರ್ಡು ಮೂಗಿನ ಮುಂದೆ ಬಂತು. ಗಿರಾಕಿಯ ಮಾತು ಎಂದು ಹಲ್ಲು ಕಚ್ಚಿ ಹೊಲಿದುಕೊಟ್ಟಳು. ಅದು ಆಕೆಯ ತಪ್ಪು, ಮುಂದೆ ಎಷ್ಟೋ ದಿನ ಅದಕ್ಕಾಗಿ ತನ್ನನ್ನೇ ಬೈದುಕೊಂಡಳು.

ಕಮತಗಿಯಲ್ಲಿ ಮಹೇಶ್ವರಿ ಉಡಿ ತುಂಬಲು ಬಾಗಿದಳು. ಬೆನ್ನಿನ ಹೊಲಿಗೆ ಮೇಲಿಂದ ಕೆಳಗಿನವರೆಗೆ ಬಿಚ್ಚಿತು. ಒಳಗೆ ಬಟ್ಟೆ ಬಿಟ್ಟಿರಲಿಲ್ಲವಾಗಿ ಸೂಜಿ ಹಾಕಲಿಕ್ಕೂ ಜಾಗವಿರಲಿಲ್ಲ. ಐವತ್ತು ಹೆಂಗಸರ ನಡುವೆ ಸೆರಗು ಹೊದ್ದು ನಿಂತ ಮಹೇಶ್ವರಿ, ಮಾಬುಬಿಗೆ ಕಣ್ಣು ಹೋಗ್ಯಾವ, ಅಳತೆಯೇ ತಿಳಿಯವಲ್ದು ಎಂದು ಘೋಷಿಸಿದಳು. ಕುಣಿಯಲಾರದವಳು ನೆಲ ಡೊಂಕು ಅಂದ ಮಾತು ಇದು. ಆದರೆ ಅಂದವಳು ಶಿವಪ್ರಕಾಶರ ಹೆಂಡತಿ, ಹಾಗಾಗಿ ಎಲ್ಲರೂ ಹೌದೆಂದರು. ಅದೇ ವಾರ ಜಿಮ್ಮಿನ ಇನ್ನೂ ಇಬ್ಬರ ಕುಬಸ ತಿರುಗಿ ಬಂದವು, ಅವೂ ಕಾರ್ಡು ನೋಡಿ ಹೊಲಿಸಿದವೇ. ಹದಿನೈದು ದಿನದಲ್ಲಿ ಮಾಬುಬಿಯ ಗೂಟದಲ್ಲಿ ತೂಗುತ್ತಿದ್ದ ಗಿರಾಕಿಗಳ ಬಟ್ಟೆಯ ಚೀಲಗಳು ಒಂದೊಂದಾಗಿ ಅವರವರ ಮನೆಗೆ ಹೋದವು. ಮಾಬುಬಿಗೆ ಹೊಟ್ಟೆಯ ಚಿಂತೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಇಪ್ಪತ್ತಾರು ವರ್ಷದ ಹೆಸರನ್ನು ಮಿರ್ಚಿ ತಿಂದ ಬಾಯಿಗಳು ಒರೆಸಿ ಹಾಕಿದ್ದವು.

ಒಂದು ಸಂಜೆ ಟೇಪನ್ನು ಕೊರಳಿಗೆ ಹಾಕಿಕೊಂಡು ಆಕೆ ಮಾಳಿಗೆ ಹತ್ತಿದಳು. ಒಳಗೆ ಹತ್ತು ಹನ್ನೆರಡು ಹೆಂಗಸರು ಬಿಗಿ ಪ್ಯಾಂಟು, ಟೀ ಶರ್ಟು ತೊಟ್ಟು ಕೂತಿದ್ದರು. ನಿಂತಿದ್ದವಳು ಪ್ರಿಯದರ್ಶಿನಿ ಒಬ್ಬಳೇ. ಹೆಗಲ ಮೇಲೆ ಕಬ್ಬಿಣದ ಸರಳು, ಎರಡೂ ತುದಿಗೆ ಬಿಲ್ಲೆ. ಕುಕ್ಕರಗಾಲಿನವರೆಗೆ ಇಳಿದು, ತುಟಿ ಕಚ್ಚಿ ಮೇಲೇಳುತ್ತಿದ್ದಳು. ಮಾಬುಬಿ ಆ ಬೆನ್ನನ್ನು ನೋಡಿದಳು. ಹೋದ ಪಂಚಮಿಗೆ ತಾನೇ ಕುಬಸ ಹೊಲಿದುಕೊಟ್ಟ ಬೆನ್ನು ಇದಲ್ಲ ಎಂದು ಆಕೆಗೆ ತಕ್ಷಣ ಗೊತ್ತಾಯಿತು.

ಅಷ್ಟರಲ್ಲಿ ಹೊಸದಾಗಿ ಸೇರಲು ಹುನಗುಂದದಿಂದ ಒಬ್ಬಳು ಬಂದಳು. ಶೀಲಾ ಕಾರ್ಡು ತೆಗೆದು, ಅವಳು ಉಟ್ಟ ಸೀರೆಯ ಮೇಲೆಯೇ ಟೇಪು ಸುತ್ತಿದಳು. ಎದೆಯ ಮೇಲೆ ಮಡಚಿ ಪಿನ್ನು ಹಾಕಿದ ಸೆರಗು, ನಡದಲ್ಲಿ ಅಂಗೈ ದಪ್ಪದ ನಿರಿಗೆ, ಅದರ ಕೆಳಗೆ ಲಂಗದ ಗಂಟು. ಎಲ್ಲವನ್ನೂ ಸೇರಿಸಿ ಅಳೆದು ಬರೆದುಕೊಂಡಳು. ನಾಳೆಯಿಂದ ಪ್ಯಾಂಟು, ಟೀ ಶರ್ಟು ಹಾಕಿಕೊಂಡು ಬರ್ರಿ ಎಂದೂ ಹೇಳಿದಳು. ಮಾಬುಬಿ ಬಾಗಿಲಲ್ಲೇ ನಿಂತು ನಕ್ಕುಬಿಟ್ಟಳು. ತಿಂಗಳ ಮೇಲೆ ಈ ಹೆಂಗಸು ಕೈ ಎತ್ತದಿದ್ದರೂ ಮೂರು ಇಂಚು ಇಳಿಯುವವಳೇ.

ಯಾಕೆ ನಗುತ್ತಿ ಎಂದು ಮಹೇಶ್ವರಿ ಕೇಳಿದಳು. ನಿಮ್ಮ ಮೂರು ಇಂಚು ಸೀರೆಯದು, ಮೈಯದಲ್ಲ ಎಂದು ಮಾಬುಬಿ ಹೇಳಿದಳು. ಕೂತವರೆಲ್ಲ ಎದ್ದರು. ಕಬ್ಬಿಣಕ್ಕೆ ಏಳದವರು ಈ ಮಾತಿಗೆ ಎದ್ದರು.

ಮಹೇಶ್ವರಿ ಸೊಂಟದ ಮೇಲೆ ಕೈಯಿಟ್ಟಳು. "ಹಂಗಾರ ಹೇಳು. ನನ್ನ ಅಳತಿ ಮೊದಲ ಎಷ್ಟಿತ್ತು, ಈಗ ಎಷ್ಟೈತಿ? ಎಲ್ಲಾರ ಮುಂದ ಹೇಳು."

ಮಾಬುಬಿಗೆ ನಾಲಿಗೆಯ ತುದಿಗೇ ಬಂದಿತ್ತು. ಎರಡು ಅಂಕಿ ಹೇಳಿದರೆ ಆಕೆಯ ಹೆಸರು ಆ ಕ್ಷಣವೇ ಉಳಿಯುತ್ತಿತ್ತು, ಮಹೇಶ್ವರಿಯದು ಮಣ್ಣಾಗುತ್ತಿತ್ತು. ಆದರೆ ಹಾಗೆ ಉಳಿದ ಹೆಸರು ಯಾತಕ್ಕೆ? ನಾಳೆಯಿಂದ ಯಾವ ಹೆಂಗಸು ತನ್ನ ಮುಂದೆ ತೋಳು ಎತ್ತಿ ನಿಂತಾಳು? ಆಕೆ ಬಾಗಿಲು ಹಾಕಿಸಿ, ಟೇಪನ್ನು ಶೀಲಾಳ ಕೈಗೆ ಕೊಟ್ಟು ತಾನೇ ನಡುವೆ ಬಂದು ನಿಂತಳು.

"ನನ್ನ ಮೈ ಅಳಿ, ಬೇಟಾ. ಎಲ್ಲಾರಿಗೂ ಕೇಳೂಹಂಗ ಹೇಳು."

ಸೆರಗಿನ ಮೇಲೆ ಎದೆ ನಲವತ್ತನಾಲ್ಕು ಬಂತು. ಮಾಬುಬಿ ಸೆರಗು ಸರಿಸಿದಳು. ನಲವತ್ತೊಂದು. ನಿರಿಗೆಯ ಮೇಲೆ ನಡ ನಲವತ್ತಾರು. ಸೀರೆ ಬಿಚ್ಚಿ ಬರೀ ಲಂಗದಲ್ಲಿ ನಿಂತಾಗ ನಲವತ್ತೆರಡು. ಐವತ್ತೆರಡು ವರ್ಷದ ಹೆಂಗಸು, ಹೊಟ್ಟೆಯ ಮೂರು ಮಡಿಕೆಗಳನ್ನು ಆ ದೊಡ್ಡ ಕನ್ನಡಿಯ ಮುಂದೆ ತೋರಿಸಿಕೊಂಡು ನಿಂತಿದ್ದಳು. ಮುಖದಲ್ಲಿ ನಾಚಿಕೆ ಇರಲಿಲ್ಲ. ನಿಮ್ಮ ಹಲಗೆಯ ಮೇಲೆ ನನ್ನ ಹೆಸರೂ ಬರೀರಿ, ಮೆಟ್ಟಿಲು ಹತ್ತಿದ್ದಷ್ಟಕ್ಕೇ ಇಷ್ಟು ಇಳಿದೇನಿ ಅಂದಳು.

ಶೀಲಾ ಹಲಗೆಯ ಅಂಕಿಗಳನ್ನು ತಿರುಗಿ ನೋಡಿದಳು. ಆಕೆ ಮೋಸ ಮಾಡಿರಲಿಲ್ಲ. ಪುಸ್ತಕದಲ್ಲಿ ಸೀರೆಯ ಪಾಠ ಇರಲಿಲ್ಲ, ಅಷ್ಟೇ. ಬಿಲ್ಲೆ ಕಳಚುತ್ತಿದ್ದ ಪ್ರಿಯದರ್ಶಿನಿ ತಿರುಗಿ, ನಾ ಮೊದಲ ದಿನಾನೂ ಟೀ ಶರ್ಟಿನ್ಯಾಗ ಬಂದೇನಿ ಎಂದು ಮೆಲ್ಲಗೆ ಹೇಳಿದಳು. ಹಲಗೆಯ ಕಟ್ಟಕಡೆಯ ಆ ಅರ್ಧ ಇಂಚೊಂದೇ ಖರೆ ಇಳಿತ ಎಂಬುದು ಒಬ್ಬೊಬ್ಬರಿಗೇ ಹೊಳೆಯಿತು. ಯಾರೂ ಆಕೆಗೆ ಶಾಬಾಸ್ ಅನ್ನಲಿಲ್ಲ. ಮಾಬುಬಿಗೂ ಅನ್ನಲಿಲ್ಲ. ಕಾರ್ಡುಗಳನ್ನು ಪರ್ಸಿಗೆ ಸೇರಿಸಿ, ಈ ಮಾತು ಮಾಳಿಗೆ ಇಳಿಯಬಾರದು ಎಂದು ತಮ್ಮ ತಮ್ಮಲ್ಲೇ ಗೊತ್ತುಮಾಡಿಕೊಂಡರು. ಇಲ್ಲದ ಮೂರು ಇಂಚನ್ನು ಬಿಟ್ಟುಕೊಡಲಿಕ್ಕೂ ಅವರಿಗೆ ಮನಸ್ಸಿರಲಿಲ್ಲ.

ನಾಲ್ಕು ದಿನ ಬಿಟ್ಟು, ಓಣಿಯಲ್ಲಿ ನಾಯಿಯೂ ಓಡಾಡದ ಉರಿಬಿಸಿಲಲ್ಲಿ, ಮಹೇಶ್ವರಿ ಹಿತ್ತಲ ಬಾಗಿಲಿಂದ ಬಂದಳು. ಅದೇ ಅಣ್ಣನ ಮಗಳ ಮದುವೆ ಹುನಗುಂದದಲ್ಲಿತ್ತು, ಅದಕ್ಕೆ ಐದು ಕುಬಸ ಬೇಕಿದ್ದವು. ಈ ಸಲ ಕಾರ್ಡು ತಂದಿರಲಿಲ್ಲ; ಸುಮ್ಮನೆ ತೋಳೆತ್ತಿ ನಿಂತಳು. ಮಾಬುಬಿ ಒಂದೇ ಕರಾರು ಹಾಕಿದಳು. ಕಮತಗಿಯಲ್ಲಿ ಯಾರ ಮುಂದೆ ನನ್ನ ಕಣ್ಣು ಹೋಗ್ಯಾವ ಅಂದಿರೋ, ಹುನಗುಂದದಲ್ಲಿ ಅವರ ಮುಂದೆಯೇ ಇದನ್ನು ಹೊಲಿದವಳು ಮಾಬುಬಿ ಅನ್ನಬೇಕು. ಮಹೇಶ್ವರಿ ಕೂಡಲಸಂಗಮನ ಆಣೆ ಮಾಡಿ ಒಪ್ಪಿದಳು. ಮಾಬುಬಿ ಹತ್ತು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊಲಿದಳು.

ಮದುವೆಯಲ್ಲಿ ನಡೆದದ್ದನ್ನು ತಂದು ಹೇಳಿದವಳು ಪ್ರಿಯದರ್ಶಿನಿ. ಅಮರಪ್ಪ ಶಿವಪ್ರಕಾಶರಿಗೆ ಸೀರೆ ನೇಯುವವನಾದ್ದರಿಂದ ಅವರಿಗೂ ಕರೆ ಇತ್ತು. ಕುಬಸ ಮೈಗೆ ಎರಕ ಹೊಯ್ದಂತೆ ಕೂತಿತ್ತಂತೆ. ಹೆಂಗಸರೆಲ್ಲ ಮುತ್ತಿ, ಎಷ್ಟು ಇಳಿದೀಯವ್ವಾ, ಯಾರು ಹೊಲಿದದ್ದು ಎಂದು ಕೇಳಿದರಂತೆ. ಮಹೇಶ್ವರಿ ಬೆನ್ನು ತೋರಿಸುತ್ತ, ಬಾಗಲಕೋಟೆಯ ಟೇಲರ್ ಅಂದಳಂತೆ. ಮಾಬುಬಿ ಕೇಳಿಸಿಕೊಂಡು ಹೂಂ ಅಂದಳು. ಸಿಟ್ಟು ಬಂತು, ನಿಜ. ಆದರೆ ಬೇಗ ಅದು ತಣ್ಣಗಾಗಿ, ಬರೀ ಹೇಸಿಗೆ ಉಳಿಯಿತು.

ಎಂಟು ದಿನಕ್ಕೆ ಮಹೇಶ್ವರಿ ಕುಬಸದ ಬಟ್ಟೆಯ ಆರು ಖಣ ತುಂಬಿದ ಚೀಲ ಹಿಡಿದು ಬಂದಳು. ಮಾಬುಬಿಯ ಅಂಗಡಿಯಲ್ಲಿ ಜಿಮ್ಮಿನ ಇಬ್ಬರು ಆಗಲೇ ಕೂತಿದ್ದರು. ಮಾಬುಬಿ ಚೀಲವನ್ನು ತೆರೆಯದೆ ಆಕೆಯ ಕಡೆಗೇ ಸರಿಸಿದಳು.

"ಬಾಗಲಕೋಟಿ ಟೇಲರ್ ಭಾಳ ಚಲೋ ಹೊಲಿತಾನಂತಲ್ರಿ, ಅಕ್ಕಾರ. ಅಲ್ಲೇ ಕೊಡ್ರಿ. ಬಸ್ಸು ತಾಸಿಗೊಂದು ಅದಾವ."

ಮದುವೆಯ ಕುಬಸ ಹೊಲಿದದ್ದು ನೀನೇ ಎಂಬ ಒಂದು ಮಾತು ಸಾಕಾಗಿತ್ತು, ಮಾಬುಬಿ ಚೀಲ ತೆಗೆದುಕೊಳ್ಳುತ್ತಿದ್ದಳು. ಊರಿನ ದೊಡ್ಡ ಗಿರಾಕಿಯನ್ನು ಕಳೆದುಕೊಳ್ಳುವುದು ಆಕೆಗೂ ಹಗುರಲ್ಲ. ಮಹೇಶ್ವರಿ ಮಾಬುಬಿಯನ್ನು ನೋಡಿದಳು, ಕೂತ ಇಬ್ಬರನ್ನು ನೋಡಿದಳು. ಆಮೇಲೆ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಹೌದಲ್ಲ, ಅಲ್ಲೇ ಕೊಡ್ತೇನಿ ಎಂದು ದೊಡ್ಡ ದನಿಯಲ್ಲಿ ಹೇಳಿ, ಇಬ್ಬರೂ ನೋಡುತ್ತಿರುವಂತೆಯೇ ಬಿಸಿಲಲ್ಲಿ ಬಸ್ ನಿಲ್ದಾಣದ ದಾರಿ ಹಿಡಿದಳು. ಜಿಮ್ಮಿಗೆ ಸೇರಿದ ಮೇಲೆ ಆಕೆ ಅಷ್ಟು ದೂರ ನಡೆದದ್ದು ಅದೇ ಮೊದಲು.