ಪರದೆಯಾಚೆಗಿಟ್ಟ ಮೈಕು

ಅಣ್ಣನ ದನಿಪೆಟ್ಟಿಗೆಯನ್ನು ತೆಗೆಯಲೇಬೇಕು ಅಂತ ಡಾಕ್ಟರು ಹೇಳಿದ ದಿನ ತಂಗಿ ಅಳಲಿಲ್ಲ. ಅವನನ್ನು ಮನೆಗೆ ಬಿಟ್ಟವಳೇ, ಚಪ್ಪಲಿ ಕೂಡ ಕಳಚದೆ ಮೈಕು ತರಲು ಹೊರಟಳು. ಮುಂದಿನ ವಾರ ಆಪರೇಷನ್ನು. ಗಂಟಲಿನ ಗಡ್ಡೆ ಹೋಗುತ್ತದೆ, ಜೀವ ಉಳಿಯುತ್ತದೆ, ಮಾತು ಮಾತ್ರ ಇನ್ನು ಬರುವುದಿಲ್ಲ. ಅಯ್ಯೋ, ಯಾವನೋ ಮೌನಿಗೆ ಹೀಗಾಗಿದ್ದರೆ ಬೇರೆ ಮಾತು. ಇವನು ಕ್ಷೌರದಂಗಡಿಯವನು, ಅದರಲ್ಲೂ ಮಾತಿನಮಲ್ಲ. ಕೂದಲು ಕತ್ತರಿಸಿ ಮುಗಿದರೂ ಗಿರಾಕಿಗಳು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ಕಥೆ ಮುಗಿಯಬೇಕಲ್ಲ!

ಅಂಗಡಿಯ ಹಿಂದೆಯೇ ಅವರ ಮನೆ. ನಡುವೆ ಬಾಗಿಲಿಲ್ಲ, ಒಂದು ದಪ್ಪ ಪರದೆ ಅಷ್ಟೆ. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅಣ್ಣನಿಗೆ ಇನ್ನೂ ಮೀಸೆ ಮೂಡಿರಲಿಲ್ಲ, ತಂಗಿ ಆಗಷ್ಟೇ ಪುಟ್ಟ ಹೆಜ್ಜೆ ಇಡಲು ಕಲಿಯುತ್ತಿದ್ದಳು. ಅಪ್ಪನ ಕತ್ತರಿ ಅವನ ಕೈಗೆ ಬಂತು. ಗಿರಾಕಿಯನ್ನು ಬಿಟ್ಟು ಒಳಗೆ ಹೋಗುವ ಹಾಗಿಲ್ಲ, ಕೂಸನ್ನು ನೋಡದೆ ಇರುವ ಹಾಗೂ ಇಲ್ಲ. ಅದಕ್ಕೇ ಅವನು ಗಳಿಗೆಗೊಮ್ಮೆ ಪರದೆಯ ಕಡೆ ತಿರುಗಿ ಕೂಗುತ್ತಿದ್ದ: "ಪುಟ್ಟೀ, ಇದ್ದೀಯೇನೇ?" ಒಳಗಿನಿಂದ "ಹ್ಞೂಂ" ಅಂತ ಬರಬೇಕು. ಬರಲಿಲ್ಲವೋ, ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿಯನ್ನು ನೊರೆಯ ಸಮೇತ ಬಿಟ್ಟು ಓಡುತ್ತಿದ್ದ. ಪುಟ್ಟಿ ಬೆಳೆದಳು, ಛಾಪಖಾನೆಗಳಿಗೆ ಮನೆಯಿಂದಲೇ ಟೈಪಿಂಗ್ ಮಾಡಿಕೊಡುವ ಕೆಲಸ ಹಿಡಿದಳು, ತಲೆಯಲ್ಲಿ ಬೆಳ್ಳಿಕೂದಲೂ ಬಂತು. ಕೂಗು ಮಾತ್ರ ನಿಲ್ಲಲಿಲ್ಲ. "ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗ್ತಾಳಯ್ಯಾ ಅವಳು?" ಅಂತ ಗಿರಾಕಿಗಳು ನಗುತ್ತಿದ್ದರು. ಅವನೂ ನಗುತ್ತಿದ್ದ, ಸ್ವಲ್ಪ ಹೊತ್ತಿಗೆ ಮತ್ತೆ ಕೂಗುತ್ತಿದ್ದ.

ಆ ದನಿಯನ್ನು ಅವಳು ಉಳಿಸಿಕೊಳ್ಳಬೇಕಿತ್ತು. ಅವಳ ತಲೆಯಲ್ಲಿ ಇದ್ದದ್ದು ಅದೊಂದೇ.

ಮೈಕಿನಂಗಡಿಯವನು ಒಳ್ಳೆಯ ಮನುಷ್ಯ. ಅವಳು ಗಾಜಿನ ಕಪಾಟಿನಲ್ಲಿ ಹೊಳೆಯುತ್ತಿದ್ದ ದೊಡ್ಡ ಮೈಕಿನ ಕಡೆ ಕೈ ತೋರಿಸಿದ ಕೂಡಲೇ ತಲೆ ಅಲ್ಲಾಡಿಸಿದ. "ಅದು ಕಂಡೆನ್ಸರ್ ಕಣಮ್ಮಾ. ಕಿವಿ ಬಹಳ ಚುರುಕು. ಸ್ಟುಡಿಯೋದಲ್ಲಾದರೆ ಸರಿ, ನಿಮ್ಮನೆ ರಸ್ತೆ ಮೇಲಿದೆ ಅಂತೀರಿ. ಹಾರ್ನು, ನಾಯಿ, ಪಕ್ಕದ ಮನೆ ಜಗಳ, ಎಲ್ಲಾ ಬಂದು ಕೂರುತ್ತೆ. ನಿಮಗೆ ಈ ಡೈನಾಮಿಕ್ ಸಾಕು. ಬಾಯಿ ಹತ್ತಿರ ಇಟ್ಟರೆ ಬಾಯಿ ಮಾತಷ್ಟೇ ಹಿಡಿಯುತ್ತೆ. ಬೇರೆ ಪೆಟ್ಟಿಗೆ ಗಿಟ್ಟಿಗೆ ಏನೂ ಬೇಡ, ವೈರು ನೇರ ಕಂಪ್ಯೂಟರಿಗೆ ಚುಚ್ಚಿ." ಸ್ಟ್ಯಾಂಡ್ ಬೇಡ, ಕುರ್ಚಿಯ ಕೈಗೇ ಕಟ್ಟಿಕೊಳ್ಳಿ ಅಂದ. ಹಿಂದೆ ಒಂದು ರಜಾಯಿ ಇಳಿಬಿಟ್ಟರೆ ಗೋಡೆಯ ಪ್ರತಿಧ್ವನಿ ಸಾಯುತ್ತೆ ಅಂದ. ಹಳೇ ಲ್ಯಾಪ್‌ಟಾಪು ಗೊರ್ರ್ ಅನ್ನುತ್ತೆ, ಅದನ್ನು ದೂರವಿಡಿ ಅಂತ ಉದ್ದದ ವೈರು ಕೊಟ್ಟ. ಕೊನೆಗೆ ಒಂದು ಹೆಡ್‌ಫೋನನ್ನೂ ಮುಂದಿಟ್ಟು, "ಇದನ್ನು ಮಾತ್ರ ಬಿಡಬೇಡಿ, ಕೇಳಿಕೊಂಡೇ ರೆಕಾರ್ಡ್ ಮಾಡಬೇಕು," ಅಂದ.

ಅವಳು ಬಿಟ್ಟಳು. ಕೈಯಲ್ಲಿದ್ದ ದುಡ್ಡು ಅಷ್ಟೇ. ಕಡಿಮೆ ದರದ ಮೈಕು ತಗೊಂಡು ಹೆಡ್‌ಫೋನೂ ಒಯ್ಯಬಹುದಿತ್ತು, ಆದರೆ ಅಣ್ಣನ ದನಿಗೆ ಅಗ್ಗದ್ದು ಹಿಡಿಯಲು ಅವಳಿಗೆ ಮನಸ್ಸು ಬರಲಿಲ್ಲ. "ಕೇಳೋಕೆ ನನ್ನ ಕಿವಿ ಇದೆಯಲ್ಲಪ್ಪ," ಅಂದು ಬಂದುಬಿಟ್ಟಳು.

ಮರುದಿನ ಅಂಗಡಿಗೆ ರಜೆ. ಅಣ್ಣ ತಾನೆಂದೂ ಕೂರದ ಗಿರಾಕಿಗಳ ಕುರ್ಚಿಯಲ್ಲಿ ಕೂತ. ಅದರ ಕೈಗೆ ಟವೆಲ್ಲು ಸುತ್ತಿ ಮೈಕನ್ನು ಬಿಗಿದಳು, ಹಿಂದೆ ರಜಾಯಿ ಇಳಿಬಿಟ್ಟಳು, ವೈರನ್ನು ಪರದೆಯ ಕೆಳಗಿನಿಂದ ಎಳೆದು ಒಳಕೋಣೆಯಲ್ಲಿದ್ದ ಲ್ಯಾಪ್‌ಟಾಪಿಗೆ ಚುಚ್ಚಿದಳು. ಅಲ್ಲೇ ಕೂತಳು. "ಏನೇ ಇದು, ಮಾತಾಡು ಅಂತ ಕೂರಿಸಿ ನೀನೇ ಪರಾರಿಯಾದೆಯಲ್ಲ!" ಅಂತ ಅವನು ಹೊರಗಿನಿಂದ ಗೊಣಗಿದ. ಆಗಲೇ ಗಂಟಲು ಕರಕರ ಅನ್ನುತ್ತಿತ್ತು.

"ಲ್ಯಾಪ್‌ಟಾಪಿನ ಫ್ಯಾನು ಸದ್ದು ಮಾಡುತ್ತಣ್ಣ, ಹತ್ತಿರ ಇಡೋ ಹಾಗಿಲ್ಲ. ನೀನು ಮಾತಾಡು."

ಅವನು ಮಾತಾಡಿದಂತೆ ಲ್ಯಾಪ್‌ಟಾಪಿನ ಮೇಲಿನ ಹಸಿರು ಗೆರೆ ಕುಣಿಯಿತು. ಕುಣಿತ ಸಣ್ಣದಿತ್ತು, ಅವಳು ಸದ್ದು ಏರಿಸಿದಳು. ಗೆರೆ ಕುಣಿದರೆ ಎಲ್ಲ ಸರಿಯಾಗಿದೆ ಅಂತಲೇ ಅವಳ ಲೆಕ್ಕ. ಅವನು ಅಪ್ಪನ ಕಥೆ ಹೇಳಿದ, ಮೊದಲ ಬಾರಿ ಗಿರಾಕಿಯ ಕಿವಿ ಕೊಯ್ದದ್ದು ಹೇಳಿದ, ಅವಳು ಜ್ವರದಲ್ಲಿ ಮಲಗಿದ್ದಾಗ ಅಂಗಡಿ ಮುಚ್ಚಿ ಅವಳ ಕಾಲು ಹಿಡಿದು ಕೂತಿದ್ದು ಹೇಳಿದ. ನಡುನಡುವೆ ಅಭ್ಯಾಸಬಲ, "ಪುಟ್ಟೀ, ಇದ್ದೀಯೇನೇ?" ಒಳಗೆ ಅವಳಿಗೆ ಆಸ್ಪತ್ರೆಯಲ್ಲಿ ತಡೆದಿಟ್ಟುಕೊಂಡ ಅಳುವೆಲ್ಲ ಒತ್ತರಿಸಿಕೊಂಡು ಬಂತು. ಸೆರಗು ಬಾಯಿಗೆ ತುರುಕಿಕೊಂಡಳು. ಅಳು ಅವನಿಗೆ ಕೇಳಬಾರದು, ಮೈಕಿಗೂ ಕೇಳಬಾರದು. ಮೈಕು ಹೇಗೂ ದೂರವಿದೆ. ಅವನು ಕೂಗಿದಾಗೆಲ್ಲ ಸೆರಗು ತೆಗೆದು, ಉಸಿರು ಹಿಡಿದು, "ಹ್ಞೂಂ" ಅಂದಳು.

ಮುಗಿದ ಮೇಲೆ ಹಾಕಿ ಕೇಳೋಣ ಅಂದರೆ ಅವನು ಬಿಲ್‌ಕುಲ್ ಒಪ್ಪಲಿಲ್ಲ. "ನಾನು ಇಲ್ಲೇ ಕಲ್ಲುಗುಂಡಿನ ಹಾಗೆ ಕೂತಿರುವಾಗ ಅದರಲ್ಲಿ ಯಾಕೆ ಕೇಳ್ತೀ? ನಾನು ಬಾಯಿ ಮುಚ್ಚಿದ ಮೇಲೆ ಕೇಳುವೆಯಂತೆ, ಮುಚ್ಚಿಡು." ಅವಳು ಮುಚ್ಚಿಟ್ಟಳು. ಉಳಿದ ದಿನಗಳಲ್ಲಿ ಒಬ್ಬಳೇ ಕೇಳಲು ಅವಳಿಗೂ ಧೈರ್ಯ ಬರಲಿಲ್ಲ.

ಆಪರೇಷನ್ನು ಚೆನ್ನಾಗಿಯೇ ಆಯಿತು. ಕತ್ತಿನಲ್ಲೊಂದು ತೂತು, ಅದರ ಮೇಲೊಂದು ತೆಳುಬಟ್ಟೆ ಕಟ್ಟಿಕೊಂಡು ಅಣ್ಣ ಮನೆಗೆ ಬಂದ. ಸುಧಾರಿಸಿಕೊಂಡ ಮೇಲೆ ಅಂಗಡಿಯನ್ನೂ ತೆರೆದ. ಹೇಳಬೇಕಾದ್ದನ್ನು ಬೆರಳಿಗೆ ಶೇವಿಂಗ್ ನೊರೆ ಹಚ್ಚಿಕೊಂಡು ಕನ್ನಡಿಯ ಮೇಲೆ ಬರೆಯುತ್ತಿದ್ದ, ಓದಿದ ಮೇಲೆ ಟವೆಲ್ಲಿನಿಂದ ಒರೆಸುತ್ತಿದ್ದ. ಗಿರಾಕಿಗಳು ಈಗ ಕೂದಲು ಕತ್ತರಿಸಿದ ಕೂಡಲೇ ಏಳುತ್ತಿದ್ದರು. ಪರದೆಯ ಈಚೆ ತಂಗಿ ಟೈಪ್ ಮಾಡುತ್ತ ಮಾಡುತ್ತ ಕೈ ನಿಲ್ಲಿಸುತ್ತಿದ್ದಳು. ಯಾರೂ ಕೂಗಿರುತ್ತಿರಲಿಲ್ಲ. ಒಂದೆರಡು ಸಲ ಯಾರೂ ಕೂಗದೆಯೇ "ಹ್ಞೂಂ" ಅಂದುಬಿಟ್ಟಳು, ಆಮೇಲೆ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಅಣ್ಣ ಮಾರುಕಟ್ಟೆಗೆ ಹೋಗಿದ್ದ ಒಂದು ಬೆಳಿಗ್ಗೆ ಧೈರ್ಯ ಮಾಡಿ ರೆಕಾರ್ಡಿಂಗ್ ಹಾಕಿದಳು.

ಮೊದಲು ಗೊರ್ರ್ ಅನ್ನುವ ಫ್ಯಾನು. ಆಮೇಲೆ ಕಿವಿಗೇ ಬಡಿಯುವ ಹಾಗೆ ಅವಳದೇ ಉಸಿರು, ಅವಳ ಬಳೆ ಮೇಜಿಗೆ ತಾಗಿದ ಸದ್ದು. ಅಣ್ಣ ಎಲ್ಲಿ? ಇದ್ದ, ದೂರದಲ್ಲಿದ್ದ, ಬಟ್ಟೆಯ ಹಿಂದಿನಿಂದ ಮಾತಾಡಿದ ಹಾಗೆ. ಮಾತು ಅರ್ಥವಾಗುತ್ತಿತ್ತು, ಅಷ್ಟೆ. ಸೆಟ್ಟಿಂಗ್ ತೆರೆದು ನೋಡಿದಳು. ಯಾವ ಮೈಕು ಅಂತ ಕೇಳುವ ಜಾಗದಲ್ಲಿ ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ಮೈಕೇ ಕೂತಿತ್ತು. ಹೊಸದನ್ನು ಚುಚ್ಚಿದ್ದಳೇ ಹೊರತು ಆರಿಸಿರಲಿಲ್ಲ. ಅಷ್ಟು ಹೊತ್ತೂ ಅಣ್ಣ ಒಂದು ಕಿವುಡು ಕಬ್ಬಿಣದ ಮುಂದೆ ಇದ್ದಬದ್ದ ದನಿಯನ್ನೆಲ್ಲ ಸುರಿದಿದ್ದ. ಹೆಡ್‌ಫೋನು ಕಿವಿಗಿದ್ದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಹಾಳಾದವಳು ನಾನು, ನನ್ನ ಕೈಗಿಷ್ಟು ಬೆಂಕಿ ಬೀಳ, ಅಂತ ತನ್ನನ್ನೇ ಶಪಿಸಿಕೊಂಡಳು. ಇನ್ನೊಮ್ಮೆ ಮಾಡೋಣ ಅನ್ನಲು ಆ ಗಂಟಲು ಈಗ ಎಲ್ಲಿದೆ?

ಅಣ್ಣ ಯಾವಾಗ ಬಂದು ಪರದೆ ಸರಿಸಿದನೋ ಅವಳಿಗೆ ತಿಳಿಯಲಿಲ್ಲ. ರೆಕಾರ್ಡಿಂಗ್ ಇನ್ನೂ ಓಡುತ್ತಿತ್ತು. ಅವಳು ಬಿಕ್ಕುತ್ತ ಎಲ್ಲ ಹೇಳಿದಳು. "ಎಲ್ಲಾ ಹಾಳು ಮಾಡಿದೆನಣ್ಣ. ನಿನ್ನ ದನಿ ಬರಲೇ ಇಲ್ಲ." ನಿಲ್ಲಿಸಲು ಕೈ ಚಾಚಿದರೆ ಅವನು ಆ ಕೈಯನ್ನು ಹಿಡಿದುಕೊಂಡ. ಪಕ್ಕದಲ್ಲಿ ಕೂತು ಕೇಳತೊಡಗಿದ.

ದೂರದಿಂದ: ಪುಟ್ಟೀ, ಇದ್ದೀಯೇನೇ?

ಹತ್ತಿರದಿಂದ, ಕಿವಿಯ ಪಕ್ಕದಲ್ಲೇ: ಬಟ್ಟೆ ಸರಿದ ಸದ್ದು, ಮೂಗು ಎಳೆದುಕೊಂಡ ಸದ್ದು, ನಡುಗುವ ಒಂದು ಉಸಿರು, ಆಮೇಲೆ "ಹ್ಞೂಂ".

ಅಣ್ಣ ಅವಳ ಮುಖವನ್ನು ನೋಡಿದ. ಮತ್ತೆ ಕೂಗು ಬಂತು, ಮತ್ತೆ ಆ ನಡುಗುವ ಉಸಿರು, ಮತ್ತೆ "ಹ್ಞೂಂ". ಇಷ್ಟು ವರ್ಷ ಪರದೆಯ ಆಚೆಯಿಂದ ಆ ಕೊನೆಯ ಸದ್ದಷ್ಟೇ ಅವನಿಗೆ ಕೇಳಿತ್ತು. ಅವನು ಎದ್ದು ಅಂಗಡಿಗೆ ಹೋದ. ಅವಳೂ ಹಿಂದೆ ಹೋದಳು. ಕನ್ನಡಿಯ ಮೇಲೆ ನೊರೆಯಲ್ಲಿ ಬರೆದ:

ಅಷ್ಟು ಹೊತ್ತೂ ಅಳ್ತಿದ್ದೆಯಾ?

ಅವಳು ಹೌದೆಂದು ತಲೆಯಾಡಿಸಿದಳು. ಅವನು ಒರೆಸಿ ಇನ್ನೊಂದು ಬರೆದ:

ನಾನು ನಗಿಸ್ತಾ ಇದ್ದೀನಿ ಅಂದುಕೊಂಡಿದ್ದೆ.

ಅವನ ಕಣ್ಣಲ್ಲಿ ನೀರು ತುಂಬಿತ್ತು. ಕೈಗೆ ನೊರೆ ಮೆತ್ತಿದ್ದರಿಂದ ಒರೆಸಿಕೊಳ್ಳಲಾಗಲಿಲ್ಲ, ಅವಳೇ ಸೆರಗಿನಿಂದ ಒರೆಸಿದಳು. ಒಳಗೆ ಲ್ಯಾಪ್‌ಟಾಪು ಇನ್ನೂ ಮಾತಾಡುತ್ತಿತ್ತು. ಪರದೆಯ ಆಚೆಯಿಂದ, ಜ್ವರದ ಕಥೆ ಹೇಳುತ್ತ ಅಣ್ಣ ಸಣ್ಣಗೆ ಕೇಳಿಸುತ್ತಿದ್ದ. ಕೂಸಾಗಿದ್ದಾಗಿನಿಂದ ಅವಳು ಅವನನ್ನು ಕೇಳಿದ್ದು ಅಷ್ಟೇ ದೂರದಿಂದ, ಅದೇ ಬಟ್ಟೆಯ ಹಿಂದಿನಿಂದ. ಇಬ್ಬರೂ ಕಥೆ ಮುಗಿಯುವವರೆಗೆ ನಿಂತೇ ಕೇಳಿದರು.

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಕುರ್ಚಿಯಲ್ಲಿ ಕೂತ. ತಂಗಿ ಮುಖ ತೊಳೆದುಕೊಂಡು ಒಳಗೆ ಹೋಗಿ, ಅರ್ಧಕ್ಕೆ ಬಿಟ್ಟ ಟೈಪಿಂಗ್ ಮುಂದುವರಿಸಿದಳು. ಹೊರಗೆ ಕತ್ತರಿ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು. ಪರದೆಯ ತೀರಾ ಹತ್ತಿರ, ಕೂದಲಿಲ್ಲದೆ ಕತ್ತರಿ ಬರಿ ಗಾಳಿಯಲ್ಲಿ ಆಡಿದ ಹಾಗೆ, ಚಕ್ ಚಕ್ ಅಂತ ಸದ್ದಾಯಿತು.

ಅವಳ ಬೆರಳುಗಳು ಕೀಲಿಗಳ ಮೇಲೆ ನಿಂತವು. ಮತ್ತೆ ಚಕ್ ಚಕ್. ಈ ಸಲ ಸ್ವಲ್ಪ ಅವಸರವಿತ್ತು, ಇನ್ನೊಂದು ಗಳಿಗೆ ತಡವಾದರೆ ಗಿರಾಕಿಯನ್ನು ಬಿಟ್ಟು ಒಳಗೆ ಓಡಿಬರುವವನ ಅವಸರ.

"ಹ್ಞೂಂ ಅಣ್ಣ," ಅಂದಳು ತಂಗಿ, "ಇದ್ದೀನಿ."