ಡೇರಿಯಲ್ಲಿ ಕಲಿತ ಸಾರಿ

ಕೈಲಾಂಚದ ಪಕ್ಕದ ಆ ಊರಿನ ಮಹಿಳಾ ಡೇರಿಯನ್ನು ನೋಡಲು ಸೋಮವಾರ ಫಾರಿನ್ ಜನ ಬರುತ್ತಾರೆ ಎಂಬ ಸುದ್ದಿ ಬಂದಾಗ ಹಸುಗಳಿಗೆ ಏನೂ ಅನ್ನಿಸಲಿಲ್ಲ. ಹೆಂಗಸರಿಗೆ ಮಾತ್ರ ಕೈಕಾಲು ಆಡಲಿಲ್ಲ. ಬಂದವರಿಗೆ ಕಾಫಿ ಕೊಟ್ಟು ಪಿಳಿಪಿಳಿ ನೋಡುತ್ತ ನಿಂತರೆ ಊರಿನ ಮಾನ ಏನಾಗಬೇಕು? ಹಾಗಾಗಿ ಸಂಜೆ ಹಾಲು ಅಳೆದಾದ ಮೇಲೆ ಡೇರಿಯ ಸೆಕ್ರೆಟರಿ ನಯನಾ ಎಲ್ಲರಿಗೂ ನಾಲ್ಕು ಮಾತು ಇಂಗ್ಲಿಷ್ ಹೇಳಿಕೊಡುವುದೆಂದು ತೀರ್ಮಾನವಾಯಿತು.

ಬೋರಮ್ಮ ಮೊದಲ ದಿನವೇ ಹೋಗಿ ಕೂತಳು. ಇಂಗ್ಲಿಷಿನ ಮೇಲೆ ಅವಳಿಗೇನೂ ಮೋಹವಿರಲಿಲ್ಲ. ಯಲ್ಲಮ್ಮ ಬರುತ್ತಾಳೆಂದು ಗೊತ್ತಿತ್ತು, ಅದಕ್ಕೆ ಹೋದಳು. ಹಾಗೆಂದು ಯಾರಾದರೂ ಬಾಯಿಬಿಟ್ಟು ಹೇಳಿದ್ದರೆ ಅವರ ಜನ್ಮ ಜಾಲಾಡುತ್ತಿದ್ದಳು, ಆ ಮಾತು ಬೇರೆ.

ಯಲ್ಲಮ್ಮ ಅವಳ ವಾರಗಿತ್ತಿ, ಗಂಡ ದಾಸಪ್ಪನ ತಮ್ಮನ ಹೆಂಡತಿ. ಮನೆ ಬೇರೆಯಾದ ಮೇಲೂ ನೇರವಾಗಿ ಬೋರಮ್ಮನ ಅಡುಗೆಮನೆಗೇ ನುಗ್ಗಿ, ಸಾರಿನ ಪಾತ್ರೆಯ ಮುಚ್ಚಳ ತೆಗೆದು, "ಇದೇನಕ್ಕ, ಉಪ್ಪೇ ಇಲ್ಲ" ಎನ್ನುವಷ್ಟು ಸಲಿಗೆಯವಳು. ಅಂಥವಳು ಹೋದ ವರ್ಷ ಮಗಳು ಸುಮನಾಳ ಮದುವೆಗೆ ಊರೆಲ್ಲ ಸುತ್ತಿ ಕುಂಕುಮವಿಟ್ಟು ಕರೆದಳು, ಬೋರಮ್ಮನ ಹೊಸ್ತಿಲು ಮಾತ್ರ ತುಳಿಯಲಿಲ್ಲ. ದಾಸಪ್ಪನ ಮೊಬೈಲಿಗೆ ವಾಟ್ಸಾಪಿನಲ್ಲಿ ಲಗ್ನಪತ್ರಿಕೆ ಬಂದು ಬಿತ್ತು, ಅಷ್ಟೇ. ಎರಡು ಬೀದಿ ದಾಟಿ ಬಂದು ಕರೆಯಲಾಗದವಳ ಮನೆಗೆ ನಾನ್ಯಾಕೆ ಹೋಗಲಿ ಎಂದು ಬೋರಮ್ಮ ಹೋಗಲೇ ಇಲ್ಲ. ದಾಸಪ್ಪ ಒಬ್ಬನೇ ಹೋಗಿ ಉಂಡುಬಂದ. ಅವತ್ತು ಅವಳು ಬಾಗಿಲು ಹಾಕಿಕೊಂಡು, ಚಪ್ಪರದ ಓಲಗ ಕೇಳುತ್ತ ಅತ್ತಿದ್ದು ಯಾರಿಗೂ ಗೊತ್ತಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಇವರಿಬ್ಬರಿಗೂ ಮಾತು ಚೆನ್ನಾಗಿಯೇ ಬರುತ್ತಿತ್ತು, ಅಂದಿನಿಂದ ಆಡುವುದನ್ನು ಬಿಟ್ಟಿದ್ದರು.

ನಯನಾ ಆ ಊರಿಗೆ ಸೊಸೆಯಾಗಿ ಬಂದು ಇನ್ನೂ ಆರು ತಿಂಗಳು ಆಗಿರಲಿಲ್ಲ. ಯಾರಿಗೆ ಯಾರನ್ನು ಕಂಡರೆ ಆಗದು ಎಂಬ ಊರಿನ ಪಾಠ ಅವಳಿಗೆ ಆಗಿರಲಿಲ್ಲ. "ಇಬ್ಬಿಬ್ರು ಜೋಡಿ ಮಾಡ್ಕೊಂಡು ಮಾತಾಡ್ಬೇಕು. ಬೋರಮ್ನೋರೆ, ನೀವೂ ಯಲ್ಲಮ್ನೋರೂ ಒಂದು ಜೋಡಿ" ಎಂದುಬಿಟ್ಟಳು. ಉಳಿದ ಹೆಂಗಸರು ಸೆರಗನ್ನು ಬಾಯಿಗೆ ಹಿಡಿದರು. ಇಂಥ ತಮಾಷೆ ಬಿಟ್ಟಿ ಸಿಕ್ಕರೆ ಯಾರು ತಾನೇ ಕೆಡಿಸಿಕೊಳ್ಳುತ್ತಾರೆ?

"ಗುಡ್ ಈವ್ನಿಂಗ್" ಎಂದಳು ಯಲ್ಲಮ್ಮ, ಗೋಡೆಯ ಕ್ಯಾಲೆಂಡರಿಗೆ.

"ಗುಡ್ ಈವ್ನಿಂಗ್. ಹೌ ಆರ್ ಯು?" ಎಂದಳು ಬೋರಮ್ಮ, ಹಾಲಿನ ಕ್ಯಾನಿಗೆ.

"ಐ ಆಮ್ ಫೈನ್."

ಫೈನ್ ಅಂತೆ. ಕತ್ತಿನ ಮೂಳೆ ಎದ್ದು ಕಾಣುವಷ್ಟು ಇಳಿದುಹೋಗಿದ್ದಳು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿಲ್ಲ ಎಂದು ಬೋರಮ್ಮನಿಗೆ ಓರೆಗಣ್ಣಲ್ಲೇ ತಿಳಿಯಿತು.

ದಿನ ಕಳೆದಂತೆ ಬೋರಮ್ಮನಿಗೆ ಸಂಜೆಯಾಗುವುದೇ ತಡವೆನಿಸತೊಡಗಿತು. ಪ್ಲೀಸ್ ಕಮ್, ಪ್ಲೀಸ್ ಸಿಟ್, ಆಫ್ಟರ್ ಯು. ನಯನಾ ಬೋರ್ಡಿನ ಮೇಲೆ ಬರೆದ ಮಾತು, ಆಡಿದರೆ ಇಬ್ಬರಲ್ಲಿ ಯಾರೂ ಸೋತ ಹಾಗಲ್ಲ. ಕಲಿತದ್ದು ಮರೆಯಬಾರದೆಂದು ಮನೆಯಲ್ಲಿ ಗಂಡನ ಮೇಲೂ ಪ್ರಯೋಗ ಮಾಡಿದಳು. "ಪ್ಲೀಸ್ ಸಿಟ್" ಎಂದು ಮುದ್ದೆಯ ತಟ್ಟೆ ಇಟ್ಟರೆ ದಾಸಪ್ಪ ಕೂರಲು ಹೆದರಿದ. "ಯಾಕಮ್ಮಿ, ಜ್ವರ ಗಿರ ಬಂದೈತಾ?" ಎಂದ.

ಆ ವಾರದ ಕೊನೆಗೆ ಬೋರ್ಡಿನ ಮೇಲೆ ಸಾರಿ ಬಂತು.

"ಒಬ್ರು ಐ ಆಮ್ ಸಾರಿ ಅನ್ಬೇಕು. ಇನ್ನೊಬ್ರು ಇಟ್ಸ್ ಆಲ್ ರೈಟ್, ಅಂದ್ರೆ ಪರ್ವಾಗಿಲ್ಲ ಬಿಡಿ, ಅನ್ಬೇಕು" ಎಂದಳು ನಯನಾ. "ಬೋರಮ್ನೋರೆ, ನೀವು ಮೊದ್ಲು."

ಬೋರಮ್ಮನಿಗೆ ಮೈ ಉರಿಯಿತು. ಕುಂಕುಮ ಇಡದವಳು ಅವಳು, ಸಾರಿ ಕೇಳಬೇಕಾದವಳು ನಾನೇ? ಆದರೂ ಬೋರ್ಡಿನ ಮಾತು ತಾನೇ. ಕಹಿ ಮಾತ್ರೆ ನುಂಗಿದ ಹಾಗೆ ಅಂದುಬಿಟ್ಟಳು. "ಐ ಆಮ್ ಸಾರಿ."

ಯಲ್ಲಮ್ಮ ಕ್ಯಾಲೆಂಡರಿನಿಂದ ಕಣ್ಣು ತೆಗೆದು, ವರ್ಷದಲ್ಲಿ ಮೊದಲ ಸಲ ಅವಳನ್ನು ನೇರ ನೋಡಿದಳು.

"ಹೇಳಿ ಯಲ್ಲಮ್ನೋರೆ, ಇಟ್ಸ್ ಆಲ್ ರೈಟ್."

"ನಾಟ್ ಆಲ್ ರೈಟ್" ಎಂದಳು ಯಲ್ಲಮ್ಮ.

ನಗಲು ಕಾದಿದ್ದವರೂ ನಗಲಿಲ್ಲ.

"ಮದ್ವೆ ಪತ್ರಿಕೇನ ನಮ್ ಹುಡುಗ ಫೋನಿನಾಗೆ ಎಲ್ರಿಗೂ ಕಳಿಸ್ದ, ನಿಮ್ಗೂ ಬಂತು. ಮನೆಯೋಳ್ಗೆ ಯಾರಾರ ಕುಂಕುಮ ಇಕ್ಕಿ ಕರೀತಾರಾ? ಅಕ್ಕನೇ ಬಂದು ಮದ್ವೆ ಒಲೆ ಹಚ್ತಾಳೆ ಅಂತ ನಾನು ಬಾಗ್ಲು ನೋಡ್ತಾ ಕೂತಿದ್ದೆ. ಧಾರೆಗೆ ಹಾಲು ಬುಡಕ್ಕೆ ನನ್ ಮಗೀಗೆ ದೊಡ್ಡವ್ವನೇ ಇರ್ನಿಲ್ಲ." ಇಷ್ಟು ಹೇಳಿ ಕ್ಯಾನು ಎತ್ತಿಕೊಂಡು ಹೊರಟೇಹೋದಳು.

ಬೋರಮ್ಮ ಮನೆಗೆ ಬಂದು ಹಸುವಿಗೆ ಹುಲ್ಲು ಹಾಕುತ್ತ ಅದನ್ನೇ ನೆನೆದಳು. ನನ್ನನ್ನು ಹೊರಗಿನವಳ ಹಾಗೆ ಕಂಡಳಲ್ಲ ಎಂದು ವರ್ಷವೆಲ್ಲ ಕೊರಗಿದ್ದಳು. ಕುಂಕುಮ ಬೇಕೆಂದು ಪಟ್ಟು ಹಿಡಿದು ಹೊರಗಿನವಳಾಗಿದ್ದು ತಾನೇ. ನಾಚಿಕೆಯಾಯಿತು. ಬೋರ್ಡಿನ ಸಾರಿಯಲ್ಲಿ ಇದು ತೀರುವುದಲ್ಲ ಎನ್ನಿಸಿತು.

ಬೆಳಗ್ಗೆ ಹಾಲು ಹಾಕಿ ಬಂದವಳೇ ಸೀರೆ ಬದಲಿಸಿದಳು.

"ಎತ್ಲಾಗ್ ಹೊಂಟೆ? ಯಾರಾರ ಕರ್ದವ್ರಾ?" ಎಂದ ದಾಸಪ್ಪ.

"ಯಾರೂ ಕರ್ದಿಲ್ಲ. ಅದ್ಕೇ ಹೊಂಟೀವ್ನಿ."

ಜಂಬವಾಗಿ ಹೇಳಿ ಬಂದದ್ದೇನೋ ಸರಿ, ಯಲ್ಲಮ್ಮನ ಹೊಸ್ತಿಲ ಮುಂದೆ ಕಾಲು ಏಳಲಿಲ್ಲ. ಒಳಗೆ ಸೌಟಿನ ಸದ್ದು ಕೇಳುತ್ತಿತ್ತು. ಏನೆಂದು ಕರೆಯುವುದು? ಕನ್ನಡದ ಒಂದು ಮಾತೂ ಸರಿ ಕಾಣಲಿಲ್ಲ. ಕಡೆಗೆ ನಾಲಿಗೆಯ ಮೇಲೆ ಬಂದದ್ದು ಡೇರಿಯ ಪಾಠವೇ.

"ಮೇ ಐ ಕಮ್ ಇನ್?"

ಸೌಟು ನಿಂತಿತು. ಆಮೇಲೆ ಒಳಗಿನಿಂದ ಯಲ್ಲಮ್ಮನ ದನಿ, ಗೋಡೆಗೆ ಹೇಳುವಂತೆ, ಆದರೆ ಬೀದಿಗೆ ಕೇಳುವಂತೆ ಬಂತು. "ಫಾರಿನ್ನೋರು ಸೋಮ್ವಾರ ಅಲ್ವಾ ಬರೋದು? ಇವತ್ತೇ ಯಾರೋ ಬಂದ್ಬುಟ್ಟವ್ರೆ."

ಬೋರಮ್ಮನಿಗೆ ನಗು ತಡೆಯಲಾಗಲಿಲ್ಲ, ಜೊತೆಗೆ ಕಣ್ಣೂ ತುಂಬಿತು. ಚಪ್ಪಲಿ ಬಿಟ್ಟವಳೇ ನೇರವಾಗಿ ಅಡುಗೆಮನೆಗೆ ನುಗ್ಗಿ, ಸಾರಿನ ಪಾತ್ರೆಯ ಮುಚ್ಚಳ ತೆಗೆದು, ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿದಳು.

"ಉಪ್ಪೇ ಇಲ್ಲ ಕಣಮ್ಮಿ" ಎಂದಳು. ಮುಚ್ಚಳ ಕೈಯಲ್ಲೇ ಹಿಡಿದು, "ನಂದೇ ತಪ್ಪಾಯ್ತು ಕಣವ್ವ. ಬರ್ಬೇಕಿತ್ತು ನಾನು" ಎಂದಳು.

ಯಲ್ಲಮ್ಮ ಇತ್ತ ತಿರುಗಲಿಲ್ಲ. ಒಲೆ ಸಣ್ಣ ಮಾಡಿದಳು. "ಬರೋ ಶುಕ್ರವಾರ ಸುಮನಂದು ಸೀಮಂತ ಐತೆ" ಎಂದಳು. "ನಿನ್ನ ಕರೆಯಾಕಿಲ್ಲ. ಕುಂಕುಮನೂ ಇಕ್ಕಾಕಿಲ್ಲ, ಫೋನಿನಾಗೂ ಕಳ್ಸಾಕಿಲ್ಲ. ಹೊತ್ತಾರೆನೇ ಬಂದು ಒಲೆ ಹಚ್ಬೇಕು. ಮಡ್ಲಕ್ಕಿ ಹಾಕೋಳೂ ನೀನೇಯ."

"ಥ್ಯಾಂಕ್ ಯು" ಎಂದಿತು ಬೋರಮ್ಮನ ಬಾಯಿ, ಅಭ್ಯಾಸಬಲದಿಂದ.

"ಇನ್ನೊಂದ್ ಸಲ ಹಂಗಂದ್ರೆ ಸೌಟ್ನಾಗೇ ಬುಡ್ತೀನಿ" ಎಂದಳು ಯಲ್ಲಮ್ಮ.

ಬೋರಮ್ಮ ಮರುಮಾತಾಡದೆ ಉಪ್ಪಿಗೆ ಕೈ ಚಾಚಿದಳು. ಜಾಡಿ ಹಳೆಯ ಜಾಗದಲ್ಲೇ ಇತ್ತು.