ಕಸದ ಕಡತದಲ್ಲಿ ಒಂದು ಆನೆ

"ತೆಗೀಬೇಡ! ಅದನ್ನ ತೆಗೀಬೇಡ ಅಂದ್ನಲ್ಲ!"

ವೆಲ್ಗಾ ಮೈದುನ ಮೋದ್ರಿಸನ ಅಂಗೈಯಡಿಯಿಂದ ಮೌಸನ್ನು ಕಿತ್ತುಕೊಂಡಳು. ಅದರ ತಂತಿ ಕಾಫಿ ಕಪ್ಪಿಗೆ ಸಿಕ್ಕಿತು, ಕಪ್ಪು ಉರುಳಿತು, ಕಾಫಿ ಮೇಜಿನುದ್ದಕ್ಕೂ ಚದುರಂಗದ ಮಣೆಯ ಕಡೆಗೆ ಹರಿಯಿತು. ಮೋದ್ರಿಸ್ ಎರಡೂ ಕೈಯಲ್ಲಿ ಮಣೆಯನ್ನು ಎತ್ತಿ ಹಿಡಿದ. ಹಾಲಿನ ಡೇರಿಯ ಯಂತ್ರಗಳ ಜೊತೆ ಏಗಿ ಏಗಿ ಅವನ ಕೈಗೆ ನಡುಕವೇ ಇರಲಿಲ್ಲ. ಒಂದು ಕಾಯಿಯೂ ಅಲುಗಲಿಲ್ಲ.

"ಹೊಸ ಪ್ರೋಗ್ರಾಮ್ ಕಿತ್ತು ಹಳೇದನ್ನೇ ಹಾಕಿಬಿಡೋಣ ಅಂದೆ ಅತ್ತಿಗೆ. ನಿಮ್ಮ ಕಾಗದಾನೆಲ್ಲ ಮುಕ್ಕಿಬಿಡ್ತೀನಿ ಅನ್ಲಿಲ್ಲ."

"ಹಾಕುವಾಗ್ಲೂ ಹೀಗೇ ಅಂದಿದ್ದೆ. ಹೊಸ ಆವೃತ್ತಿ ಬಂದಿದೆ ಅತ್ತಿಗೆ, ಅಂತರ್ಜಾಲ, ಅಂಚೆ ಎರಡೂ ಗಾಳಿ ಥರ ಓಡುತ್ತೆ ಅಂತ. ಓಡ್ತು ನೋಡು, ಊರು ಬಿಟ್ಟು."

ಮೋದ್ರಿಸ್ ಮಣೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಅವಳು ಅಂದಿದ್ದು ಸುಳ್ಳಲ್ಲ. ಹಾಕಿದ ದಿನವೇ ಕಂಪ್ಯೂಟರಿನ ಅಂಚೆಪೆಟ್ಟಿಗೆ ಖಾಲಿಯಾಗಿತ್ತು. ಒಂದೇ ಒಂದು ಹಳೆಯ ಕಾಗದವಿರಲಿಲ್ಲ. ವೆಲ್ಗಾ ಸತ್ತವರ ಮನೆಯವಳಂತೆ ಕೂತುಬಿಟ್ಟಿದ್ದಳು. ಆಮೇಲೆ ತಿಳಿಯಿತು, ಹೊಸ ಆವೃತ್ತಿ ತನಗೆಂದೇ ಬೇರೆ ಬಿಡಾರ ಹೂಡಿಕೊಂಡು ಹಳೆಯ ಮನೆಯ ಬಾಗಿಲು ಹಾಕಿಕೊಂಡಿತ್ತು. ಆ ಬಾಗಿಲು ತೆರೆದರೆ ಎಲ್ಲವೂ ಇದ್ದಲ್ಲೇ ಇದ್ದವು. ಅದು ಸರಿಹೋಯಿತು ಅನ್ನುವಷ್ಟರಲ್ಲಿ ಕಾಗದ ಬರುತ್ತಿತ್ತು, ಹೋಗುತ್ತಿರಲಿಲ್ಲ. ಕಾಗದ ಕಳಿಸುವ ಸರ್ವರಿನ ಹೆಸರು ಇರಬೇಕಾದ ಜಾಗ ಬೋಳಾಗಿತ್ತು. ಮೋದ್ರಿಸ್ ಅದನ್ನೂ ತುಂಬಿದ. ಈಗ ಮೂರನೆಯ ಕಾಟ: ಎಲ್ಲರ ಕಾಗದವೂ ಬರುತ್ತಿತ್ತು, ಚದುರಂಗದ ಎದುರಾಳಿ ಗುನ್ವಾಲ್ಡಿಸನದು ಮಾತ್ರ ಇಲ್ಲ.

ವೆಲ್ಗಾಳಿಗೆ ಇದು ಕಾಟವೆಂದೇ ಅನ್ನಿಸಿರಲಿಲ್ಲ. ಹಬ್ಬ ಅನ್ನಿಸಿತ್ತು.

ಅಂಚೆಯ ಚದುರಂಗದಲ್ಲಿ ಎದುರಾಳಿಯ ಮುಖ ಕಾಣುವುದಿಲ್ಲ, ಕಾಣುವುದು ಅವನ ಗಡಿಯಾರ ಮಾತ್ರ. ನಿನ್ನ ನಡೆ ಅವನ ಕೈಸೇರಿದ ದಿನದಿಂದ ಅವನ ಕಾಲ ಸವೆಯುತ್ತದೆ, ಅವನದು ನಿನ್ನ ಕೈಸೇರಿದರೆ ನಿನ್ನದು. ಕೊಟ್ಟ ಕಾಲ ಮುಗಿದರೆ ಮಣೆಯ ಮೇಲೆ ನೀನು ರಾಜನೇ ಆಗಿರು, ಸೋತೆ. ಅಂಚೆ ಕಾರ್ಡುಗಳ ಕಾಲದಲ್ಲಿ ವೆಲ್ಗಾ ಹಾಗೇ ಸೋತಿದ್ದಳು. ಅವಳ ಗಂಡ ಅರ್ವೀಡ್ಸ್ ಮಣ್ಣಾದ ವಾರ ಅದು. ಗುನ್ವಾಲ್ಡಿಸನ ನಡೆಯ ಕಾರ್ಡು ಬಾಗಿಲ ಹಿಂದೆ ಬಿದ್ದೇ ಇತ್ತು, ಅವಳು ಎತ್ತಿಕೊಳ್ಳಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅಂಚೆಯವಳು ಎರಡು ಲಕೋಟೆ ಒಟ್ಟಿಗೇ ತಂದಳು. ಒಂದರಲ್ಲಿ ಕಪ್ಪು ಅಂಚಿನ ಸಂತಾಪ. ಇನ್ನೊಂದರಲ್ಲಿ, ಸಮಯ ಮೀರಿದ್ದರಿಂದ ಆಟ ತನಗೆ ಸೇರಬೇಕೆಂದು ತೀರ್ಪುಗಾರನಿಗೆ ಬರೆದ ದೂರಿನ ಪ್ರತಿ. ಎರಡರ ಮೇಲೂ ಅದೇ ಅಕ್ಷರ, ಅದೇ ನೀಲಿ ಶಾಯಿ. ಆ ಅಂಕದ ಮೇಲೆ ಹತ್ತಿ ಗುನ್ವಾಲ್ಡಿಸ್ ದೇಶದ ತಂಡ ಸೇರಿದ. ಆಮೇಲೆ ರೀಗಾದಲ್ಲಿ ಸಿಕ್ಕಾಗ, "ನಿಯಮ ನಿಯಮವೇ, ವೆಲ್ಗಾ" ಎಂದು ಅವಳ ಕೈಕುಲುಕಿದ್ದ. ಕುಲುಕಿಸಿಕೊಂಡ ತಪ್ಪಿಗೆ ಅವಳು ತನ್ನ ಕೈಯನ್ನೇ ಇನ್ನೂ ಕ್ಷಮಿಸಿರಲಿಲ್ಲ.

ಈ ಸಲದ ರಾಷ್ಟ್ರೀಯ ಪಂದ್ಯದಲ್ಲಿ ಉಳಿದ ಆಟಗಳೆಲ್ಲ ಮುಗಿದಿದ್ದವು. ಅವಳು ಎಲ್ಲರಿಗಿಂತ ಮುಂದಿದ್ದಳು. ಉಳಿದದ್ದು ಇದೊಂದೇ ಆಟ. ಸಮವಾದರೂ ಸಾಕು, ಗೆದ್ದವರ ಬಟ್ಟಲು ಅವಳದು. ಆದರೆ ಅವಳಿಗೆ ಬಟ್ಟಲು ಬೇಕಿರಲಿಲ್ಲ. ಗುನ್ವಾಲ್ಡಿಸ್ ಮಣೆಯ ಮೇಲೆ, ಬೆಳಕಿನಲ್ಲಿ, ಒಂದೊಂದೇ ಮನೆ ಕಳೆದುಕೊಳ್ಳುತ್ತಾ ಸೋಲುವುದನ್ನು ನೋಡಬೇಕಿತ್ತು. ಅಂಚಿನಲ್ಲಿ ಅವಳ ಪೇದೆ ಓಡುತ್ತಿತ್ತು, ಪಕ್ಕದಲ್ಲೇ ರಾಜ. ಅವನಿಗೆ ಉಳಿದದ್ದು ತನ್ನ ಆನೆಯನ್ನು ಪೇದೆಯ ದಾರಿಗೆ ಅಡ್ಡ ನಿಲ್ಲಿಸುವುದೊಂದೇ. ಅಲ್ಲಿಗೆ ಬಂದು ಅವನು ಮೌನವಾಗಿದ್ದ.

"ನೆನಪಿನ ಓಲೆ ಕಳಿಸಿದ್ರಾ?" ಕಾಫಿ ಒರೆಸುತ್ತಾ ಮೋದ್ರಿಸ್ ಕೇಳಿದ. "ಎದುರಾಳಿ ಸುಮ್ನಿದ್ರೆ ಕಳಿಸ್ಬೇಕು ಅಂತ ನಿಮ್ಮಲ್ಲೇ ಅಲ್ವಾ ಕಾಯಿದೆ?"

"ಯಾಕೆ ಕಳಿಸ್ಲಿ? ಓಡ್ತಿರೋದು ಅವನ ಗಡಿಯಾರ. ಓಡ್ಲಿ. ನಾನೇನು ಅವನನ್ನ ಎಬ್ಬಿಸಿ ಗಂಜಿ ಕುಡಿಸ್ಲಾ?"

"ಮತ್ತೇನು ಮಾಡಿದ್ರಿ?"

"ಬರ್ದೆ. ತೀರ್ಪುಗಾರನಿಗೆ. ಪಂದ್ಯದವರಿಗೆಲ್ಲ ಒಂದೊಂದು ಪ್ರತಿ." ವೆಲ್ಗಾ ಬೆನ್ನು ನೆಟ್ಟಗೆ ಮಾಡಿ ಕೂತಳು. "ಗುನ್ವಾಲ್ಡಿಸ್ ಮಹಾಶಯರು ಸೋಲುವ ಆಟದಲ್ಲಿ ಸತ್ತವನ ಹಾಗೆ ಬಿದ್ಕೊಂಡಿದಾರೆ, ಯಾರಾದ್ರೂ ಹೋಗಿ ಮೂಗಿನ ಹತ್ರ ಕೈ ಹಿಡಿದು ನೋಡಿ ಅಂತ."

"ಅಯ್ಯೋ ಅತ್ತಿಗೆ."

"ಏನ್ ಅಯ್ಯೋ? ನನಗೆ ಅವನು ಕಾಗದ ಹಾಕಿದಾಗ ಯಾರೂ ಅಯ್ಯೋ ಅನ್ಲಿಲ್ಲ."

ಮೋದ್ರಿಸ್ ಕುರ್ಚಿ ಎಳೆದುಕೊಂಡು ಮತ್ತೆ ತೆರೆಯ ಮುಂದೆ ಕೂತ. ಡೇರಿಯಲ್ಲಿ ಹಾಲು ಬರದಿದ್ದರೆ ಅವನು ಹಸುವನ್ನು ಬಯ್ಯುತ್ತಿರಲಿಲ್ಲ, ಕೊಳವೆಯ ಉದ್ದಕ್ಕೂ ನಡೆಯುತ್ತಿದ್ದ. ಇಲ್ಲೂ ಹಾಗೇ ಮಾಡಿದ. ತನ್ನ ಹೆಸರಲ್ಲಿ ಒಂದು ಪರೀಕ್ಷೆಯ ಕಾಗದ ಬರೆದು ಕಳಿಸಿದ: "ಅತ್ತಿಗೆ, ಆಲೂಗಡ್ಡೆ ದೋಸೆ ಆಯ್ತಾ?" ಅದು ತಕ್ಷಣ ಬಂತು. ಹಾಗಾದರೆ ಕೊಳವೆ ಕಟ್ಟಿಲ್ಲ. ಬಂದದ್ದು ಎಲ್ಲೋ ಪಕ್ಕಕ್ಕೆ ಹರಿಯುತ್ತಿದೆ. ಎಡಗಡೆಯ ಪಟ್ಟಿಯಲ್ಲಿ ಒಂದು ಸಣ್ಣ ಬಾಣ ಮಡಚಿಕೊಂಡಿತ್ತು. ಬಿಚ್ಚಿದ. ಕೆಳಗೆ ಹಳೆಯ ಆವೃತ್ತಿಯಲ್ಲಿ ಇಲ್ಲದಿದ್ದ ಒಂದು ಕಡತ ಇಣುಕಿತು. ಹೆಸರು, ಕಸ.

ಮೋದ್ರಿಸ್ ಕಡತ ತೆರೆದ. ಬೊಜ್ಜು ಕರಗಿಸುವ ಮಾತ್ರೆ, ಕೂದಲು ಬೆಳೆಸುವ ಎಣ್ಣೆ, ಯಾವುದೋ ದೇಶದ ವಿಧವೆಯ ಆಸ್ತಿ. ಅವುಗಳ ನಡುವೆ ಎದೆ ಸೆಟೆಸಿಕೊಂಡು ಗುನ್ವಾಲ್ಡಿಸ್. ಮೊದಲ ಕಾಗದದಲ್ಲಿ ನಮಸ್ಕಾರವಿಲ್ಲ, ಹೆಸರಿಲ್ಲ, ಬರೀ ಅಂಕಿ: 5818. ಮೊದಲೆರಡು ಅಂಕಿ ಕಾಯಿ ಬಿಟ್ಟ ಮನೆ, ಕೊನೆಯೆರಡು ಅದು ಸೇರಿದ ಮನೆ. ಆನೆ ಪೇದೆಯ ದಾರಿಗೆ ಅಡ್ಡ ಬಂದಿತ್ತು. ಎರಡನೆಯದರಲ್ಲಿ ಅದೇ ಅಂಕಿ, ಜೊತೆಗೆ "ಪುನಃ". ಮೂರನೆಯದು ಮೊನ್ನೆಯದು: "ನಿಮ್ಮ ಸಮಯ ಮುಗಿದಿದೆ."

ಅಡುಗೆಮನೆಯಿಂದ ಸೀದ ವಾಸನೆ ಬಂತು. ಯಾರೂ ಏಳಲಿಲ್ಲ.

"ಅವನದೊಂದೇ ಯಾಕೆ?" ವೆಲ್ಗಾ ಕೇಳಿದಳು.

"ಉಳಿದವ್ರೆಲ್ಲ ನಾಲ್ಕು ಮಾತು ಬರೀತಾರೆ, ಮಳೆ, ಮೊಮ್ಮಗ, ಮಂಡಿನೋವು. ಇವನು ಬರೀ ಅಂಕಿ. ಆದ್ರೂ..." ಮೋದ್ರಿಸ್ ಗಡ್ಡ ಕೆರೆದ. "ಈ ಹೊಸ ಆವೃತ್ತಿ ತಾನಾಗಿ ಕಲಿಯಲ್ಲ ಅತ್ತಿಗೆ. ಇದು ಕಸ, ಇದು ಕಾಗದ ಅಂತ ನಾವು ತೋರಿಸಿಕೊಡ್ಬೇಕು. ಮೇಲೆ ಈ ಹೊಸ ಗುಂಡಿ ಇದೆಯಲ್ಲ, ಕಸ ಅಂತ. ಇದನ್ನ ಅವನ ಕಾಗದದ ಮೇಲೆ ಒತ್ತಿದ್ರಾ?"

ವೆಲ್ಗಾ ಕಿಟಕಿಯಾಚೆ ನೋಡಿದಳು.

"ಅತ್ತಿಗೆ."

"ಒಂದ್ಸಲ."

"ಒಂದೇ ಸಲ?"

"ಹಳೇ ಕಾಗದ ಸಿಕ್ಕಿದ ದಿನ. ಕೂತ್ಕೊಂಡು ಅವನದೆಲ್ಲಾ. ಒಂದೊಂದನ್ನೂ ಆರಿಸಿ, ಆರಿಸಿ." ಅವಳು ತಿರುಗಿದಳು. "ಎಷ್ಟು ಹಿತವಾಗಿತ್ತು ಗೊತ್ತಾ? ಒತ್ತಿದ್ರೆ ಟಕ್ ಅಂತ ಕಸದ ಬುಟ್ಟಿ ಗುರುತು ಬೀಳ್ತಿತ್ತು."

ಮೋದ್ರಿಸ್ ನಗಬಾರದೆಂದು ಕೆನ್ನೆ ಕಚ್ಚಿಕೊಂಡ, ಆಗಲಿಲ್ಲ. ವೆಲ್ಗಾಳೂ ಒಮ್ಮೆ ನಕ್ಕಳು, ಕೆಮ್ಮಿದ ಹಾಗೆ. ಆಮೇಲೆ ಅವಳಿಗೆ ಇಡೀ ಲೆಕ್ಕ ಒಟ್ಟಿಗೇ ಕಂಡಿತು. ಓಡುತ್ತಿದ್ದದ್ದು ತನ್ನ ಗಡಿಯಾರ. ನೆನಪಿನ ಓಲೆ ಒಂದನ್ನು ಹಾಕಿದ್ದರೂ ಅವನು ಉತ್ತರಿಸುತ್ತಿದ್ದ, ಗುಟ್ಟು ಬಯಲಾಗುತ್ತಿತ್ತು. ಅವನು ಬೇಯಲಿ ಎಂದು ಒಲೆಗೆ ಸೌದೆ ಇಟ್ಟು, ಅದರ ಮೇಲೆ ತಾನೇ ಕೂತಿದ್ದಳು.

ಅವಳು ಮೋದ್ರಿಸನನ್ನು ಕುರ್ಚಿಯಿಂದ ಎಬ್ಬಿಸಿದಳು. ಯೋಚಿಸುವುದು ಏನೂ ಇರಲಿಲ್ಲ. ಆನೆ ಬಂದರೆ ಏನು ಮಾಡಬೇಕೆಂದು ವಾರಗಳ ಹಿಂದೆಯೇ ತಿಳಿದಿತ್ತು. 3627. ರಾಜ ಪೇದೆಯ ಪಕ್ಕಕ್ಕೆ, ಆನೆಯ ಎದೆಗೆ ಎದೆ. ಇನ್ನು ಆ ಆನೆ ಓಡಲೇಬೇಕು, ಓಡಿದರೆ ಪೇದೆ ರಾಣಿಯಾಗುತ್ತದೆ. ಕಳಿಸು ಎಂಬ ಗುಂಡಿ ಒತ್ತಿದಳು. ಅದು ಹೋಯಿತು.

ದೋಸೆಯ ಕಪ್ಪಾದ ಬದಿಯನ್ನು ಚಾಕುವಿನಿಂದ ಕೆರೆದು, ಮೇಲೆ ಹುಳಿಕೆನೆ ಸುರಿದುಕೊಂಡು ಮೋದ್ರಿಸ್ ತಿನ್ನುತ್ತಿದ್ದಾಗ ಫೋನು ಹೊಡೆದುಕೊಂಡಿತು. ವೆಲ್ಗಾ ಎತ್ತಿ, ಮೈದುನನಿಗೂ ಕೇಳಲೆಂದು ಕಿವಿಯಿಂದ ತುಸು ದೂರ ಹಿಡಿದಳು.

"ಸತ್ತಿಲ್ಲ ವೆಲ್ಗಾ," ಅಂದ ಗುನ್ವಾಲ್ಡಿಸ್. ದನಿ ಮುದುಕನದಾಗಿತ್ತು. "ಮೂಗಿನ ಹತ್ರ ಕೈ ಹಿಡಿದು ನಾನೇ ನೋಡ್ಕೊಂಡೆ."

"ಸಂತೋಷ."

"ನನ್ನ ಕಾಗದ ಎಲ್ಲಿತ್ತು?"

"ಕಸದಲ್ಲಿ."

"ಹ್ಞೂಂ. ನಮ್ಮ ಮನೇಲೂ ಮೊಮ್ಮಗಳು ಅದೇ ಹೊಸ ಆವೃತ್ತಿ ಹಾಕಿ ತಲೆ ತಿಂತಿದಾಳೆ. ನಿನ್ನ ಸಮಯ ಮುಗಿದು ಹೋಗಿದೆ, ಗೊತ್ತು ತಾನೆ? ತೀರ್ಪುಗಾರನಿಗೆ ನಾನು ಒಂದು ಸಾಲು ಬರೆದ್ರೆ ಆಟ ನನ್ನದು."

"ಮೊನ್ನೆಯಿಂದ ಯಾಕೆ ಬರೀಲಿಲ್ಲ?"

"ಜನ ಹಳೇದನ್ನ ಮರೆತಿಲ್ಲ ವೆಲ್ಗಾ. ನಿನ್ನ ಕಾಗದ ಹೋದ್ಮೇಲೆ ಅಂತೂ ಎಲ್ಲರೂ ನನ್ನ ಕೈನೇ ನೋಡ್ತಿದಾರೆ. ಇನ್ನೊಂದ್ಸಲ ಗಡಿಯಾರ ತೋರಿಸಿ ಗೆದ್ದ ಅನ್ನಿಸ್ಕೊಳ್ಳೋಕೆ ಈ ವಯಸ್ಸಲ್ಲಿ ನನಗೆ ಇಷ್ಟ ಇಲ್ಲ. ನಿನ್ನ ನಡೆ ನೋಡ್ದೆ. ಚೆನ್ನಾಗಿದೆ. ಕೇಳು, ಸಮ ಮಾಡ್ಕೊಳ್ಳೋಣ. ನಾನು ದೂರು ಕೊಡಲ್ಲ. ತಪ್ಪು ಪ್ರೋಗ್ರಾಮಿಂದು ಅಂತ ಎಲ್ಲರಿಗೂ ನಾನೇ ಬರೀತೀನಿ, ನೀನು ಬರೆದಿದ್ದನ್ನ ಮರೆತೂಬಿಡ್ತೀನಿ. ಬಟ್ಟಲು ನಿನಗೆ. ಮರ್ಯಾದೆ ಇಬ್ಬರಿಗೂ."

ಮೋದ್ರಿಸ್ ಬಾಯಲ್ಲಿ ದೋಸೆ ಇಟ್ಟುಕೊಂಡೇ ಜೋರಾಗಿ ತಲೆಯಾಡಿಸಿದ: ಒಪ್ಕೊಳ್ಳಿ, ಒಪ್ಕೊಳ್ಳಿ. ಫೋರ್ಕಿನಿಂದ ಬಟ್ಟಲಿನ ಆಕಾರವನ್ನೂ ಗಾಳಿಯಲ್ಲಿ ಬರೆದು ತೋರಿಸಿದ.

ವೆಲ್ಗಾ ಕಿಟಕಿಯ ಕಟ್ಟೆಯ ಬಳಿಗೆ ನಡೆದಳು. ಫೋನಿನ ತಂತಿ ಅಷ್ಟು ದೂರ ಎಟಕುತ್ತಿತ್ತು. ಮಣೆಯ ಮೇಲೆ ಅವನ ಆನೆಯನ್ನು ತಂದು ದಾರಿಗಡ್ಡ ಇಟ್ಟಳು, ತನ್ನ ರಾಜನನ್ನು ಎತ್ತಿ ಅದರ ಎದುರಿಗೆ ಊರಿದಳು. ಹೀಗೆ ಅವನನ್ನು ನೋಡಲೆಂದೇ ಅವಳು ಇಷ್ಟು ವರ್ಷ ಕಾದದ್ದು. ಅವನಿಗೆ ಎರಡೇ ದಾರಿ. ಎಲ್ಲರೆದುರು ಮತ್ತೊಮ್ಮೆ ಆ ದೂರಿನ ಸಾಲನ್ನು ಬರೆಯಬೇಕು, ಇಲ್ಲವೇ ಕೂತು ಸೋಲಬೇಕು. ಮೂರನೆಯ ದಾರಿಯನ್ನು ಅವನು ಅವಳ ಕೈಯಿಂದ ಕೇಳುತ್ತಿದ್ದ.

"ವೆಲ್ಗಾ? ಇದೀಯಾ? ಸಮ?"

"ಬೇಡ," ಅಂದಳು ವೆಲ್ಗಾ.